ತಕ್ಕಡಿ ಮೊದಲು ಸರಿಯಿರಲಿ

ನಮ್ಮ ಕ್ಲೈಡ್ ನಾರ್ತಿನಿಂದ ಕೋಬರ್ಗಿಗೆ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಅಲ್ಲಿ ಪೆಂಟ್ರಿಜ್ ಸೆರೆಮನೆಯಿದ್ದ ಆವರಣದಲ್ಲಿ ಈಗ ಅಂಗಡಿಗಳೂ ಸಿನೆಮಾ ಮಂದಿರವೂ ಇವೆ. 1967ರ ಫೆಬ್ರವರಿ 3ರಂದು ರೊನಾಲ್ಡ್ ರಯನ್ ಎಂಬುವನನ್ನು ಗಲ್ಲಿಗೇರಿಸಿದ್ದು ಅಲ್ಲಿಯೇ. ಆಸ್ಟ್ರೇಲಿಯದಲ್ಲಿ ಅದೇ ಕೊನೆಯ ಮರಣದಂಡನೆ. ಈಗ ಇದೇ ದೇಶ ಇತರ ದೇಶಗಳನ್ನು "ಕೊಲ್ಲಬೇಡಿ" ಎಂದು ಕೇಳಿಕೊಳ್ಳುತ್ತದೆ. ಆ ಮಾತಿಗೆ ಬೆಲೆ ಬರುವುದು ಯಾವಾಗ?

ಎಷ್ಟೋ ಸಲ ಬರುವುದಿಲ್ಲ. ಮಾದಕ ವಸ್ತು ಸಾಗಿಸಿದ್ದಕ್ಕಾಗಿ ಮೆಲ್ಬರ್ನಿನ ತರುಣ ವಾನ್ ಗುಯೆನ್‌ನನ್ನು ಸಿಂಗಪುರ 2005ರ ಡಿಸೆಂಬರ್ 2ರಂದು ಗಲ್ಲಿಗೇರಿಸಿತು. ಅಂಥದೇ ಅಪರಾಧಕ್ಕೆ ಸಿಡ್ನಿಯ ಆಂಡ್ರ್ಯೂ ಚಾನ್ ಮತ್ತು ಮಯೂರನ್ ಸುಕುಮಾರನ್ ಇಬ್ಬರನ್ನು ಇಂಡೊನೇಷ್ಯ 2015ರ ಏಪ್ರಿಲ್ 29ರಂದು ಗುಂಡಿಟ್ಟು ಕೊಂದಿತು. ಆಸ್ಟ್ರೇಲಿಯ ರಾಯಭಾರಿಯನ್ನು ಹಿಂದಕ್ಕೆ ಕರೆಸಿಕೊಂಡಿತು; ಹೋದ ಜೀವ ಬರಲಿಲ್ಲ. ಆದರೆ 2003ರಲ್ಲಿ ಬಾಲಿ ಬಾಂಬ್ ಸ್ಫೋಟದ ಅಪರಾಧಿ ಅಮ್ರೋಜಿಗೆ ಅದೇ ಇಂಡೊನೇಷ್ಯ ಮರಣದಂಡನೆ ವಿಧಿಸಿದಾಗ, ಪ್ರಧಾನಿ ಹೊವರ್ಡ್ ತಾವು ಪ್ರತಿಭಟಿಸುವುದಿಲ್ಲ ಎಂದಿದ್ದರು. ಪ್ರಯೋಗಶಾಲೆಯಲ್ಲಿ ಏನನ್ನು ತೂಗುವುದಿದ್ದರೂ ಮೊದಲು ತಕ್ಕಡಿಯನ್ನು ಸೊನ್ನೆಗೆ ತರುತ್ತೇವೆ. ವಸ್ತುವಿಗೊಂದು ಸೊನ್ನೆ ಇಟ್ಟುಕೊಂಡರೆ ನಮ್ಮ ತೂಕವನ್ನು ಯಾರು ನಂಬುತ್ತಾರೆ?

ಧರ್ಮದ ವಿಷಯ ಇನ್ನೂ ನಾಜೂಕಾದದ್ದು. ಪಾಕಿಸ್ತಾನದ ಕ್ರೈಸ್ತ ಕೂಲಿ ಹೆಂಗಸು ಆಸಿಯಾ ಬೀಬಿಗೆ ಧರ್ಮನಿಂದೆಯ ಆರೋಪದ ಮೇಲೆ 2010ರಲ್ಲಿ ಮರಣದಂಡನೆ ವಿಧಿಸಿದರು. ಪೋಪರು ದನಿಯೆತ್ತಿದರು, ವಿದೇಶೀ ಸರಕಾರಗಳೂ ಒತ್ತಾಯಿಸಿದವು. ಆಕೆಯ ಪರ ನಿಂತ ಪಂಜಾಬಿನ ಗವರ್ನರ್ ಸಲ್ಮಾನ್ ತಾಸೀರ್ 2011ರಲ್ಲಿ ತಮ್ಮ ಅಂಗರಕ್ಷಕನ ಗುಂಡಿಗೇ ಬಲಿಯಾದರು. ಕೊನೆಗೆ 2018ರಲ್ಲಿ ಸಾಕ್ಷ್ಯ ಸಾಲದೆಂದು ಆಕೆಯನ್ನು ಬಿಡಿಸಿದ್ದು ಅಲ್ಲಿನದೇ ಸುಪ್ರೀಂ ಕೋರ್ಟು. ಹೊರಗಿನವರು ಎಷ್ಟೇ ಒತ್ತಾಯಿಸಲಿ, ಒಳಗೆ ಇಂಥ ಧೈರ್ಯಸ್ಥರು ಇಲ್ಲದಿದ್ದರೆ ಪ್ರಯೋಜನವಿಲ್ಲ.

ಇನ್ನು ನಮ್ಮ ತಾಯ್ನಾಡಿನ ಮಾತು. ನೌಕಾಪಡೆಯ ಎಂಟು ಮಾಜಿ ಸಿಬ್ಬಂದಿಗೆ ಕತಾರ್ 2023ರ ಅಕ್ಟೋಬರಿನಲ್ಲಿ ಮರಣದಂಡನೆ ವಿಧಿಸಿತು. ಭಾರತ ಮಾತುಕತೆ ನಡೆಸಿತು. ಡಿಸೆಂಬರಿನಲ್ಲಿ ಶಿಕ್ಷೆ ಇಳಿಯಿತು, 2024ರ ಫೆಬ್ರವರಿಯಲ್ಲಿ ಏಳು ಮಂದಿ ಊರಿಗೆ ಮರಳಿದರು. ನಮಗೆಲ್ಲ ಸಂತೋಷವಾಯಿತು. ಆದರೆ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ನೇಣುಗಂಬ ಇನ್ನೂ ಇದೆ. ಮರಣದಂಡನೆಯನ್ನು ತಡೆಹಿಡಿಯಿರಿ ಎನ್ನುವ ವಿಶ್ವಸಂಸ್ಥೆಯ ನಿರ್ಣಯಕ್ಕೆ ಭಾರತ 2007ರಿಂದಲೂ ವಿರುದ್ಧವಾಗಿ ಮತ ಹಾಕುತ್ತ ಬಂದಿದೆ.

ನಮ್ಮಲ್ಲಿ ಅನೇಕರು ಇಲ್ಲಿನ ಮತದಾರರು, ಬಂಧುಬಳಗವೆಲ್ಲ ಅಲ್ಲಿದೆ. ಎರಡೂ ಕಡೆ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಪರದೇಶದ ಜೈಲಿನಲ್ಲಿರುವ ನಮ್ಮವನಿಗಾಗಿ ಬೇಡುವ ಕರುಣೆಯನ್ನು, ನಮ್ಮ ಜೈಲಿನಲ್ಲಿರುವ, ಯಾರಿಗೂ ಬೇಡವಾದವನಿಗೂ ತೋರಲು ಸಿದ್ಧರಿದ್ದೇವೆಯೆ?