ಜಾಝ್ ಧ್ವನಿಮುದ್ರಿಕೆಗಳು: ಕೇಳುವ ಬಗೆ, ಹಂಚುವ ಬಗೆ

ಸಂಗೀತವೆಂಬುದು ಯರಗೇರಾದ ಕಡೆಯ ನಮಗೆ ಹೊಸದಲ್ಲ. ಮೊಹರಮ್ಮಿನ ಹಲಗೆಯ ನಾದ, ಏಕತಾರಿ ಹಿಡಿದು ಹಾಡುವ ತತ್ತ್ವಪದ, ಗುಡಿಯ ರಾತ್ರಿ ಭಜನೆ ಇವುಗಳ ನಡುವೆಯೇ ನಾವು ಬೆಳೆದವರು. ಇಂಥ ನಮಗೆ ಅಮೆರಿಕದ ಜಾಝ್ ಸಂಗೀತದ ಗೊಡವೆ ಏಕೆಂದು ಗೆಳೆಯರು ಕೇಳುವುದುಂಟು. ಪ್ರಶ್ನೆ ಸಹಜವಾದುದೇ. ಅದಕ್ಕೆ ನನಗೆ ತಿಳಿದಷ್ಟು ಉತ್ತರ ಹೇಳುವುದೇ ಈ ಲೇಖನದ ಉದ್ದೇಶ.

ಜಾಝ್ ಎಂಬುದು 20ನೆಯ ಶತಮಾನದ ಆದಿಯಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ರೂಪುಗೊಂಡ ಸಂಗೀತ. ಆಫ್ರಿಕದಿಂದ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು ತಮ್ಮ ದುಡಿಮೆಯ ಹಾಡು, ದೇವರ ಹಾಡು, ಮೆರವಣಿಗೆಯ ಬ್ಯಾಂಡು ಇವನ್ನೆಲ್ಲ ಬೆರೆಸಿ ಇದನ್ನು ಕಟ್ಟಿದರು. ಇದರ ಜೀವಾಳ ಮನೋಧರ್ಮ. ಗೊತ್ತಾದ ಒಂದು ಧಾಟಿಯನ್ನು ಮೊದಲು ಎಲ್ಲರೂ ನುಡಿಸುವರು. ಬಳಿಕ ಒಬ್ಬರಾದ ಮೇಲೊಬ್ಬರು ಆ ಕ್ಷಣಕ್ಕೆ ತೋಚಿದಂತೆ ಅದನ್ನು ಬೆಳೆಸುವರು. ಆದುದರಿಂದ ಸ್ವರಗಳನ್ನು ಕಾಗದದ ಮೇಲೆ ಬರೆದಿಟ್ಟ ಮಾತ್ರಕ್ಕೆ ಜಾಝ್ ಉಳಿಯದು. ಈ ಸಂಗೀತದ ಆದಿಪುರುಷರಲ್ಲೊಬ್ಬರೆನಿಸಿದ ಬಡಿ ಬೋಲ್ಡನ್ (1877–1931) ಅವರ ವಾದನವನ್ನು ಕೇಳಿದವರು ಹೇಳಿದ ಮಾತುಗಳು ಉಳಿದಿವೆ. ಅವರು ನುಡಿಸಿದ ಒಂದು ತಟ್ಟೆಯೂ ಉಳಿದಿಲ್ಲ. ಜಾಝಿನ ಮೊದಲ ತಟ್ಟೆ ಹೊರಬಂದುದು 1917ರಲ್ಲಿ. ಅದನ್ನು ನುಡಿಸಿದವರು ಬಿಳಿಯರೆಂಬುದು ಗಮನಿಸತಕ್ಕ ಸಂಗತಿ.

ನಮ್ಮಲ್ಲಿಯೂ ಹೀಗೆಯೇ ಆಗಿದೆ. ಮಾನ್ವಿ ಸೀಮೆಯ ಚೀಕಲಪರವಿಯ ವಿಜಯದಾಸರ (1682–1755) ಪದಗಳು ಉಳಿದುವು. ಆದರೆ ತಂಬೂರಿ ಮೀಟಿ ಅವರು ಹಾಡಿದಾಗ ಆ ಪದಗಳು ಹೇಗೆ ಕೇಳಿಸಿದವೆಂದು ಈಗ ಹೇಳಬಲ್ಲವರು ಯಾರು? ಅವರದು ಯಂತ್ರವಿಲ್ಲದ ಕಾಲ. ನಮ್ಮದು ಹಾಗಲ್ಲ.

ಇನ್ನು, ಜಾಝ್ ಮುದ್ರಿಕೆಯನ್ನು ಕೇಳುವುದು ಹೇಗೆ? ಲೂಯಿ ಆರ್ಮ್‌ಸ್ಟ್ರಾಂಗ್ ಅವರು 1928ರ ಜೂನ್ 28ರಂದು ಶಿಕಾಗೋದಲ್ಲಿ ನುಡಿಸಿದ 'ವೆಸ್ಟ್ ಎಂಡ್ ಬ್ಲೂಸ್' ಎಂಬುದನ್ನು ತೆಗೆದುಕೊಳ್ಳೋಣ. ಅದರ ಅವಧಿ ಸುಮಾರು 3 ನಿಮಿಷ. ಹಳೆಯ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದೇ ಅಷ್ಟು. ಮೊದಲು ಟ್ರಂಪೆಟ್ ಒಂದೇ, ಯಾವ ಪಕ್ಕವಾದ್ಯವೂ ಇಲ್ಲದೆ, ಆಲಾಪದಂತೆ ಏರಿ ಇಳಿಯುತ್ತದೆ. ಅನಂತರ ಧಾಟಿ ಆರಂಭವಾಗುತ್ತದೆ. ಆಗ ಬೆರಳು ಮಡಿಚಿ ಎಣಿಸಿರಿ: ನಾಲ್ಕು ನಾಲ್ಕು ಎಣಿಕೆಯ 12 ಗುಂಪುಗಳು, ಒಟ್ಟು 48. ಇದೇ ಒಂದು ಆವರ್ತ. ಮುಂದಿನದೆಲ್ಲ ಇದರ ಮೇಲೆಯೇ ನಡೆಯುತ್ತದೆ. ಒಂದು ಸುತ್ತಿನಲ್ಲಿ ಆರ್ಮ್‌ಸ್ಟ್ರಾಂಗ್ ಮಾತಿಲ್ಲದೆ, ಬರಿಯ ಅಕ್ಷರಗಳಿಂದ ಹಾಡಿ ಕ್ಲಾರಿನೆಟ್ಟಿಗೆ ಉತ್ತರ ಕೊಡುವರು. ಇನ್ನೊಂದು ಸುತ್ತು ಅರ್ಲ್ ಹೈನ್ಸ್ ಅವರ ಪಿಯಾನೋದ್ದು. ಕಡೆಯ ಸುತ್ತಿನಲ್ಲಿ ಟ್ರಂಪೆಟ್ ಒಂದೇ ತಾರಸ್ವರವನ್ನು ನಾಲ್ಕು ಗುಂಪು ಮುಗಿಯುವವರೆಗೂ ಹಿಡಿದು ನಿಲ್ಲುತ್ತದೆ. ಅಲ್ಲಿ ನಮ್ಮ ಉಸಿರೂ ನಿಂತಂತಾಗುತ್ತದೆ.

ಭೇದವೂ ಇದೆ. ನಮ್ಮಲ್ಲಿ ಶ್ರುತಿ ಒಂದೇ, ರಾಗವೇ ದಾರಿ. ಜಾಝಿನಲ್ಲಿ ಹಿಂದಿನ ಸ್ವರಗುಚ್ಛಗಳು ಬದಲಾಗುತ್ತ ಹೋಗುತ್ತವೆ; ನುಡಿಸುವವನು ಅವುಗಳೊಡನೆ ದಾರಿಯನ್ನು ಹೊರಳಿಸಬೇಕು. ಆದರೆ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' (1959) ಎಂಬ ಮುದ್ರಿಕೆಯಲ್ಲಿ ಈ ಬದಲಾವಣೆಗಳು ಕಡಿಮೆ. ಒಂದೊಂದು ಸ್ವರಶ್ರೇಣಿಯ ಮೇಲೆ ಬಹಳ ಹೊತ್ತು ನಿಲ್ಲುವ ಅದು, ರಾಗಕ್ಕೆ ಒಗ್ಗಿದ ನಮ್ಮ ಕಿವಿಗೆ ಸುಲಭವಾಗಿ ಹತ್ತುತ್ತದೆ. ಹೊಸಬರು ಅಲ್ಲಿಂದ ಆರಂಭಿಸಬಹುದು.

ಧ್ವನಿಮುದ್ರಿಕೆಯು ಕೇವಲ ವಿನೋದದ ಸಾಧನವಲ್ಲ. ಗುರು ದೂರವಿದ್ದವರಿಗೆ ಅದೇ ಗುರು. ಚಾರ್ಲಿ ಪಾರ್ಕರ್ ತರುಣರಾಗಿದ್ದಾಗ ಲೆಸ್ಟರ್ ಯಂಗ್ ಅವರ ತಟ್ಟೆಗಳನ್ನು ಮತ್ತೆ ಮತ್ತೆ ಕೇಳಿ ಸ್ಯಾಕ್ಸೊಫೋನನ್ನು ಸಾಧಿಸಿದರು. ಗದಗಿನ ಬಾಲಕ ಭೀಮಸೇನ ಜೋಶಿಯವರು ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂಖಾನರ ತಟ್ಟೆಯನ್ನು ಕೇಳಿ ಮನಸೋತು, 1933ರಲ್ಲಿ ಗುರುವನ್ನು ಅರಸುತ್ತ ಮನೆ ಬಿಟ್ಟರು; ಕೊನೆಗೆ ಖಾನರ ಶಿಷ್ಯರೇ ಆದ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತರು. ಯಾರೋ ತಟ್ಟೆಯನ್ನು ನಾಲ್ಕು ಜನರಿಗೆ ಕೇಳಿಸುವಂತೆ ಹಾಕಿದ್ದರಿಂದ ತಾನೇ ಇದಾಯಿತು? ಅದೇ ತಟ್ಟೆ ಪೆಟ್ಟಿಗೆಯಲ್ಲಿ ಬೀಗದೊಳಗಿದ್ದರೆ ಆಗುತ್ತಿತ್ತೇ?

ಜಾಝಿಗೂ ಕನ್ನಡನಾಡಿಗೂ ನೇರವಾದ ನಂಟೂ ಇದೆ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಸಂಸ್ಥೆಯ ಟಿ. ಎ. ಎಸ್. ಮಣಿ ಮತ್ತು ಗಾಯಕಿ ಆರ್. ಎ. ರಮಾಮಣಿ ಅವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೋ ಅವರೊಡನೆ 1983ರಲ್ಲಿ 'ಜ್ಯೋತಿ' ಎಂಬ ಮುದ್ರಿಕೆ ಮಾಡಿದರು. ಮೈಸೂರು ಅರಮನೆಯ ಬ್ಯಾಂಡಿನ ಸ್ಯಾಕ್ಸೊಫೋನ್ ಕೇಳಿ ಅದಕ್ಕೆ ಮಾರುಹೋದ ಕದ್ರಿ ಗೋಪಾಲನಾಥರು (1949–2019), ರುದ್ರೇಶ ಮಹಾಂತಪ್ಪ ಎಂಬ ಅಮೆರಿಕದ ಜಾಝ್ ವಾದಕರೊಡನೆ ನುಡಿಸಿದ 'ಕಿನ್ಸ್‌ಮೆನ್' 2008ರಲ್ಲಿ ಹೊರಬಂದಿತು.

ಈಗ ಇವೆಲ್ಲವೂ ನಮ್ಮ ಅಂಗೈಯ ಮೊಬೈಲಿನಲ್ಲಿಯೇ ದೊರೆಯುತ್ತವೆ. ಆದರೆ ಕಿವಿಗೆ ತಂತಿ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಅರ್ಧರ್ಧ ಕೇಳಿ ಬಿಡುವುದು ಆಸ್ವಾದನೆಯಲ್ಲ. ಆದುದರಿಂದ ನನ್ನದೊಂದು ಸೂಚನೆ: ವಾರಕ್ಕೊಂದು ಸಂಜೆ ನಮ್ಮ ಕಾಲೇಜಿನ ಒಂದು ಕೋಣೆಯಲ್ಲಿ ಕೂಡೋಣ. ಒಂದೇ ಮುದ್ರಿಕೆಯನ್ನು ಎರಡು ಸಲ ಹಾಕೋಣ. ಮೊದಲು ನುಡಿಸಿದವರ ಹೆಸರು, ವಾದ್ಯ, ವರ್ಷ, ಸ್ಥಳಗಳನ್ನು ಹೇಳಬೇಕು. ನುಡಿಯುವಾಗ ಯಾರೂ ಮಾತನಾಡಕೂಡದು. ಮುಗಿದ ಮೇಲೆ ತನಗೆ ಹಿಡಿಸಿದ ಒಂದು ಎಡೆಯನ್ನು ಪ್ರತಿಯೊಬ್ಬರೂ ಹೇಳಬೇಕು. ಒಂದು ವಾರ ಆರ್ಮ್‌ಸ್ಟ್ರಾಂಗ್, ಮರುವಾರ ಕರೀಂಖಾನರು, ಅದರ ಮರುವಾರ ನಮ್ಮೂರ ತತ್ತ್ವಪದದವರು. ಅವರ ಹಾಡನ್ನು ನಾವೇ, ಅವರ ಒಪ್ಪಿಗೆ ಪಡೆದು, ಹಿಡಿದಿಡೋಣ.

ಈ ಕಡೆಯ ಮಾತಿಗೆ ಕಾರಣವುಂಟು. ನಮ್ಮ ಅಜ್ಜಿ ಬೀಸುಕಲ್ಲಿನ ಪದಗಳನ್ನು ಹಾಡುತ್ತಿದ್ದರು. ಸೊಲ್ಲು ಅದೇ ಇದ್ದರೂ ಹಾಡಿದಾಗಲೆಲ್ಲ ಧಾಟಿ ಸ್ವಲ್ಪ ಹೊರಳುತ್ತಿತ್ತು. ನನ್ನ ಜೇಬಿನಲ್ಲಿ ಮೊಬೈಲಿತ್ತು. ನಾಳೆ ಹಿಡಿದರಾಯಿತು ಎಂದುಕೊಂಡೆ. ಈಗ ಅಜ್ಜಿ ಇಲ್ಲ. ಪದಗಳನ್ನು ಅವ್ವನಿಂದ ಬರೆದುಕೊಂಡಿದ್ದೇನೆ. ಧಾಟಿಯ ಆ ಹೊರಳು ಮಾತ್ರ ಬರಹಕ್ಕೆ ಸಿಕ್ಕದು. ಬೋಲ್ಡನ್ ಅವರ ಕಥೆ ಓದಿದ ದಿನ ನನಗೆ ಮೊದಲು ನೆನಪಾದುದು ಅವರೇ.

ಗೆಳೆಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ದೂರದವರ ಮುದ್ರಿಕೆಗಳನ್ನು ಮನಸ್ಸಿಟ್ಟು ಕೇಳಿದುದರಿಂದಲೇ ಹತ್ತಿರದವರ ಹಾಡಿನ ಬೆಲೆ ನನಗೆ ತಿಳಿಯಿತು. ನಿಮ್ಮ ಮನೆಯಲ್ಲಿ ಹಾಡುವ ಹಿರಿಯರಿದ್ದರೆ ಈ ಭಾನುವಾರವೇ ಅವರ ಬಳಿ ಕುಳಿತುಕೊಳ್ಳಿರಿ.