ಮಾತಿಲ್ಲದ ಊರಿನಲ್ಲಿ

ನಿವೃತ್ತನಾದ ಮೇಲೆ ಅಧ್ಯಾಪನದ ಕರೆ ಬಂದು ಒಂದು ವರ್ಷ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿದ್ದೆ. ಅಲ್ಲಿ ಮನೆ ಹೊಕ್ಕ ಎರಡು ವಾರಗಳೊಳಗೆ ನಗರದ ಕಚೇರಿಯಲ್ಲಿ ವಿಳಾಸವನ್ನು ನೋಂದಾಯಿಸಬೇಕು. ಭಾನುವಾರ ಅಂಗಡಿಗಳು ತೆರೆಯವು. ಹಾಲನ್ನು ಶನಿವಾರವೇ ತಂದಿಡಬೇಕು. ಅಂದು ಗೋಡೆಗೆ ಮೊಳೆ ಹೊಡೆಯುವುದೂ ಸಲ್ಲದು. ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಮರಳಿಸಿದರೆ 25 ಸೆಂಟುಗಳ ಠೇವಣಿ ಕೈಸೇರುತ್ತದೆ.

ಇವೆಲ್ಲ ತಿಂಗಳೊಳಗೆ ರೂಢಿಯಾದವು. ರೂಢಿಯಾಗದುದು ಮೌನ. ಜೀವಮಾನವೆಲ್ಲ ಮಾತನ್ನೇ ನಂಬಿ ಬದುಕಿದ ನಾನು ರೊಟ್ಟಿಯಂಗಡಿಯಲ್ಲಿ ಬೆರಳು ತೋರಿಸಿ ನಿಲ್ಲುತ್ತಿದ್ದೆ. ಹಿಂದಿರುಗಿಬಿಡಲೇ ಎಂದು ಯೋಚಿಸಿದ್ದೂ ಉಂಟು.

ಆಗ ನೆನಪಾದವರು ಕಿಟ್ಟೆಲ್. 1853ರಲ್ಲಿ ನಮ್ಮ ನಾಡಿಗೆ ಬಂದು, ಕನ್ನಡವನ್ನು ಅಕ್ಷರದಿಂದ ಕಲಿತು, 1894ರಲ್ಲಿ ನಮಗೇ ನಿಘಂಟನ್ನಿತ್ತ ಅವರು 1903ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ಮರುದಿನ ತಡವರಿಸುತ್ತ ಜರ್ಮನ್ ಭಾಷೆಯಲ್ಲಿಯೇ ರೊಟ್ಟಿ ಕೇಳಿದೆ. ಅಂಗಡಿಯ ವೃದ್ಧೆ ನನ್ನ ಮಾತಿನ ಲಿಂಗದೋಷವನ್ನು ತಿದ್ದಿದರು. ನಾನು ಎಷ್ಟು ವಿದ್ಯಾರ್ಥಿಗಳ ತಪ್ಪುಗಳನ್ನು ತಿದ್ದಿದ್ದೆನೋ! ಅಂದಿನಿಂದ ಆ ಊರು ಪರಕೀಯವೆನಿಸಲಿಲ್ಲ.