ಅಪ್ಪನ ಹಾಡಿಗೆ ಕಣ್ಣು ತುಂಬುವುದೇಕೆ?

ಪ್ರಶ್ನೆ: ತೀರಿಕೊಂಡ ತಂದೆಯ ಇಷ್ಟದ ಚಿತ್ರಗೀತೆ ರೇಡಿಯೋದಲ್ಲಿ ಬಂದರೆ ಸಾಕು, ಅಳು ಬರುತ್ತದೆ. ಅವರ ಫೋಟೋ ನೋಡಿದರೆ ಹಾಗಾಗುವುದಿಲ್ಲ. ಏಕೆ?

ಉತ್ತರ: ಗೋಡೆಯ ಮೇಲಿನ ಫೋಟೋ ದಿನವೂ ಕಂಡು ಕಣ್ಣಿಗೆ ರೂಢಿಯಾಗಿರುತ್ತದೆ, ಹಾಡು ಹೇಳದೆ ಕೇಳದೆ ಬರುತ್ತದೆ. ಉಳಿದ ಕಾರಣ ಮಿದುಳಿನಲ್ಲಿದೆ. ಹಣೆಯ ಹಿಂದಿನ ಒಂದು ಭಾಗ ಪರಿಚಿತ ಹಾಡಿನ ಏರಿಳಿತವನ್ನೂ ಅದರೊಂದಿಗೆ ಬೆಸೆದ ಸ್ವಂತ ಬದುಕಿನ ನೆನಪನ್ನೂ ಒಟ್ಟಿಗೆ ಹಿಡಿಯುತ್ತದೆಂದು ಕ್ಯಾಲಿಫೋರ್ನಿಯಾದ ವಿಜ್ಞಾನಿ ಪೆಟ್ರ್ ಜನಾಟಾ 2009ರಲ್ಲಿ ತೋರಿಸಿದರು. ಆಲ್ಝೈಮರ್ಸ್ ಕಾಯಿಲೆಯಲ್ಲಿ ಈ ಭಾಗ ಸವೆಯುವುದು ತಡವಾಗಿ. ಮಗಳ ಹೆಸರು ಮರೆತ ಅಜ್ಜಿ ಇಡೀ ದೇವರನಾಮ ಹಾಡುವುದುಂಟಲ್ಲ, ಹಾಗೆ.

ಹದಿಹರೆಯ, ಯೌವನದಲ್ಲಿ ಕೇಳಿದ ಹಾಡುಗಳು ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುತ್ತವೆ, ಇದು ಎಲ್ಲರಿಗೂ ಗೊತ್ತು. ಆದರೆ ನಿಮ್ಮ ಪ್ರಶ್ನೆಗೆ ಹತ್ತಿರದ್ದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರೊಲ್ ಕ್ರುಮ್‌ಹಾನ್ಸಲ್ 2013ರಲ್ಲಿ ಪ್ರಕಟಿಸಿದ ಅಧ್ಯಯನ. ಇಪ್ಪತ್ತರ ಆಸುಪಾಸಿನವರಿಗೆ ತಮ್ಮ ಕಾಲದ ಹಾಡುಗಳಷ್ಟೇ ಅಲ್ಲ, ತಾವು ಹುಟ್ಟುವ ಮೊದಲೇ ಬಂದ, ತಂದೆತಾಯಿಯ ಯೌವನದ ಹಾಡುಗಳೂ ಹೆಚ್ಚಿನ ನೆನಪು ತರಿಸಿದವು. ಮನೆಯಲ್ಲಿ ಹಿರಿಯರು ಹಾಕಿದ ಹಾಡು ಕಿರಿಯರದ್ದೂ ಆಗಿಬಿಡುತ್ತದೆ.

ದುಃಖದ ಹಾಡು ದುಃಖವನ್ನು ಹೆಚ್ಚಿಸುತ್ತದೆಂಬ ಮಾತನ್ನು ನಾನಂತೂ ಅಷ್ಟಾಗಿ ಒಪ್ಪುವುದಿಲ್ಲ. ಅಳು ಬಂದರೆ ಬರಲಿ, ರೇಡಿಯೋ ಆರಿಸಬೇಡಿ. ಮಕ್ಕಳಿದ್ದರೆ ಅವರಿಗೂ ಕೇಳಿಸಿ.